ಬ್ರಹ್ಮಪುತ್ರ: ಗಡಿ ತಡೆದ ಜಲಮಾರ್ಗ

ಟಿಬೆಟ್ಟಿನಲ್ಲಿ ಸಾಂಗ್‌ಪೊ, ಅಸ್ಸಾಮಿನಲ್ಲಿ ಬ್ರಹ್ಮಪುತ್ರ, ಬಾಂಗ್ಲಾದೇಶದಲ್ಲಿ ಜಮುನಾ. ಈ ನದಿಯ ಉದ್ದ ಸುಮಾರು 2,900 ಕಿ.ಮೀ. ಹತ್ತೊಂಬತ್ತನೆಯ ಶತಮಾನದಲ್ಲಿ ಅಸ್ಸಾಮಿನ ಚಹಾ ಇಲ್ಲಿಯೇ ಉಗಿಹಡಗು ಏರಿ, ಪೂರ್ವ ಬಂಗಾಳವನ್ನು ಹಾದು ಕಲ್ಕತ್ತೆ ಸೇರುತ್ತಿತ್ತು.

1947ರ ದೇಶ ವಿಭಜನೆ ಆ ದಾರಿಗೆ ಅಡ್ಡಲಾಗಿ ಗಡಿ ಎಳೆಯಿತು. 1950ರ ಭೂಕಂಪದಲ್ಲಿ ಗುಡ್ಡಗಳು ಕುಸಿದು, ದಿಬ್ರುಗಢದ ಬಳಿ ನದಿಯ ತಳವೇ ಹೂಳಿನಿಂದ ಮೇಲೆದ್ದಿತು. 1965ರ ಭಾರತ-ಪಾಕಿಸ್ತಾನ ಯುದ್ಧ ಗಡಿ ದಾಟುವ ಹಡಗುಗಳನ್ನು ಪೂರ್ತಿ ನಿಲ್ಲಿಸಿತು.

ಬಾಂಗ್ಲಾದೇಶ ಹುಟ್ಟಿದ ಮೇಲೆ, 1972ರ ಒಪ್ಪಂದದಿಂದ ದಾರಿ ಮತ್ತೆ ತೆರೆಯಿತು. 1988ರಲ್ಲಿ ಸದಿಯಾದಿಂದ ಧುಬ್ರಿವರೆಗಿನ 891 ಕಿ.ಮೀ. ರಾಷ್ಟ್ರೀಯ ಜಲಮಾರ್ಗವಾಯಿತು. ಅಷ್ಟರಲ್ಲಿ ಸರಕು ಸಿಲಿಗುರಿಯ ಕಿರಿದಾದ ನೆಲದ ಮೇಲಿನ ರೈಲುದಾರಿ ಹಿಡಿದಾಗಿತ್ತು. ಹಡಗು ಸಾಗಲು ನೀರಿನ ಆಳವೊಂದೇ ಸಾಲದು, ನೆರೆಯವರ ಸ್ನೇಹವೂ ಬೇಕು.