ಕಳ್ಳನಿಗೇ ಓಟು ಹಾಕಿ!

1991ರ ನವೆಂಬರ್‌. ಅಮೆರಿಕದ ಲೂಸಿಯಾನ ರಾಜ್ಯದಲ್ಲಿ ಕಾರುಗಳ ಹಿಂಬದಿಗೆ ಒಂದು ಸ್ಟಿಕ್ಕರ್ ಮೆತ್ತಿಕೊಂಡಿತ್ತು: ‘ಕಳ್ಳನಿಗೇ ಓಟು ಹಾಕಿ, ಇದು ಮುಖ್ಯ.’ ಇದು ಎದುರಾಳಿಗಳ ಕುಚೋದ್ಯವಲ್ಲ. ಆ ‘ಕಳ್ಳ’ನನ್ನು ಗೆಲ್ಲಿಸಲು ಹೊರಟವರೇ ಅಂಟಿಸಿಕೊಂಡದ್ದು.

ಹಾಗೆ ಕರೆಸಿಕೊಂಡವರು ಡೆಮಾಕ್ರಟಿಕ್ ಪಕ್ಷದ ಎಡ್ವಿನ್ ಎಡ್ವರ್ಡ್ಸ್. ಅಷ್ಟರಲ್ಲಿ ಮೂರು ಅವಧಿಗೆ ಗವರ್ನರ್ ಆಗಿದ್ದವರು. (ಅಲ್ಲಿನ ಗವರ್ನರ್ ನಮ್ಮ ರಾಜ್ಯಪಾಲರಂತೆ ನೇಮಕವಾಗಿ ಬರುವವರಲ್ಲ, ಜನರೇ ಆರಿಸುವ, ಸರ್ಕಾರ ನಡೆಸುವ ವ್ಯಕ್ತಿ.) ಮಾತಿನ ಮಲ್ಲ, ಜೂಜಿನ ಶೋಕಿ. ಆಸ್ಪತ್ರೆಗಳ ಪರವಾನಗಿ ವ್ಯವಹಾರದಲ್ಲಿ ಹಣ ಮಾಡಿದರೆಂದು ಅಧಿಕಾರದಲ್ಲಿದ್ದಾಗಲೇ ಕಟಕಟೆ ಹತ್ತಿದರು. ಜೂಜಿನ ಸಾಲವನ್ನು ಸೂಟ್‌ಕೇಸಿನಲ್ಲಿ ನಗದು ತುಂಬಿ ತೀರಿಸಿದ ಸಂಗತಿ ಆ ವಿಚಾರಣೆಯಲ್ಲಿ ಹೊರಬಿತ್ತು. 1986ರಲ್ಲಿ ಖುಲಾಸೆಯಾದರೂ ಹೆಸರು ಶುಭ್ರವಾಗಲಿಲ್ಲ. ಮರುವರ್ಷದ ಚುನಾವಣೆಯಲ್ಲಿ ಭ್ರಷ್ಟಾಚಾರ ತೊಲಗಿಸುತ್ತೇನೆಂದ ಬಡ್ಡಿ ರೋಮರ್ ಎದುರು ಮಂಕಾಗಿ, ಎರಡನೇ ಸುತ್ತಿಗೂ ಕಾಯದೆ ಕಣದಿಂದ ಹಿಂದೆ ಸರಿದರು.

ಹಾಗಾದರೆ ನಾಲ್ಕೇ ವರ್ಷದಲ್ಲಿ ಜನ ಮರೆತುಬಿಟ್ಟರೇ? ಇಲ್ಲ, ಸ್ಟಿಕ್ಕರೇ ಸಾಕ್ಷಿ. 1991ರ ಗವರ್ನರ್ ಚುನಾವಣೆಯಲ್ಲಿ ಅವರ ಎದುರಿಗೆ ನಿಂತಿದ್ದವರು ಡೇವಿಡ್ ಡ್ಯೂಕ್. ಬಿಳಿಯರ ಮೇಲ್ಮೆಗಾಗಿ ಹಿಂಸೆಗಿಳಿದಿದ್ದ ಕೂ ಕ್ಲಕ್ಸ್ ಕ್ಲಾನ್ ಸಂಘಟನೆಯ ಒಂದು ಬಣದ ಮಾಜಿ ಮುಖ್ಯಸ್ಥ. ಬಿಳಿ ನಿಲುವಂಗಿ ಕಳಚಿ ಸೂಟು ತೊಟ್ಟು, 1989ರಲ್ಲಿ ರಿಪಬ್ಲಿಕನ್ ಹೆಸರಿನಲ್ಲಿ ರಾಜ್ಯದ ಶಾಸನಸಭೆಗೂ ಬಂದಿದ್ದರು.

ಲೂಸಿಯಾನದ ಗವರ್ನರ್ ಚುನಾವಣೆಯ ಪದ್ಧತಿಯೇ ವಿಚಿತ್ರ. ಎಲ್ಲ ಪಕ್ಷದವರೂ ಒಂದೇ ಕಣಕ್ಕಿಳಿಯುತ್ತಾರೆ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಓಟು ಬರದಿದ್ದರೆ ಮೊದಲ ಇಬ್ಬರ ನಡುವೆ ಮತ್ತೊಂದು ಸುತ್ತು. ಅಕ್ಟೋಬರ್ 19ರಂದು ಎಡ್ವರ್ಡ್ಸ್‌ಗೆ ಸುಮಾರು ಶೇ 34, ಡ್ಯೂಕ್‌ಗೆ ಶೇ 32, ಹಾಲಿ ಗವರ್ನರ್ ರೋಮರ್‌ಗೆ ಬರೀ ಶೇ 27. ಅದೇ ವರ್ಷ ಡೆಮಾಕ್ರಟಿಕ್ ಪಕ್ಷ ಬಿಟ್ಟು ರಿಪಬ್ಲಿಕನ್ನರ ಕಡೆ ಜಿಗಿದಿದ್ದ ರೋಮರ್ ಅವರನ್ನು ಹಳೆಯ ಮನೆಯವರೂ ನೆಚ್ಚಲಿಲ್ಲ, ಹೊಸ ಮನೆಯವರೂ ಒಪ್ಪಲಿಲ್ಲ. ಮೂವರಲ್ಲಿ ಹಗರಣದ ಮಸಿ ಹತ್ತದಿದ್ದ ಒಬ್ಬರು ಹೀಗೆ ಮೊದಲ ಸುತ್ತಿನಲ್ಲೇ ಮನೆಗೆ ಹೋದರು.

ಆಮೇಲಿನ ನಾಲ್ಕು ವಾರ ಯಾರು ಯಾರ ಜೊತೆ ನಿಂತರೆಂಬುದೇ ಒಂದು ತಮಾಷೆ. ಎಡ್ವರ್ಡ್ಸ್ ಅವರನ್ನು ಜನ್ಮಶತ್ರುವಿನಂತೆ ಕಂಡಿದ್ದ ರೋಮರ್, ಈಗ ಎಡ್ವರ್ಡ್ಸ್‌ಗೇ ಬೆಂಬಲ ಘೋಷಿಸಿದರು. ಅಧ್ಯಕ್ಷ ಜಾರ್ಜ್ ಬುಷ್, ತಮ್ಮದೇ ಪಕ್ಷದ ಹೆಸರು ಹೇಳಿಕೊಳ್ಳುತ್ತಿದ್ದ ಡ್ಯೂಕ್‌ರನ್ನು ತಿರಸ್ಕರಿಸಿದರು. ಡ್ಯೂಕ್ ಗೆದ್ದರೆ ರಾಜ್ಯದ ನ್ಯೂ ಆರ್ಲಿಯನ್ಸ್ ನಗರಕ್ಕೆ ಸಮ್ಮೇಳನಗಳೂ ಪ್ರವಾಸಿಗರೂ ಬರುವುದಿಲ್ಲವೆಂದು ವ್ಯಾಪಾರಿಗಳು ಲೆಕ್ಕ ಹಾಕಿದರು. ಅವರ ಭಯಕ್ಕೆ ನೀತಿಗಿಂತ ಗಲ್ಲಾಪೆಟ್ಟಿಗೆ ಹತ್ತಿರವಿತ್ತು ಎಂದರೆ ತಪ್ಪಾಗದು. ಇಬ್ಬರ ನಡುವೆ ಹೋಲಿಕೆ ಏನೆಂದು ಕೇಳಿದಾಗ, ಹೊದಿಕೆಯೊಳಗೆ ಇಬ್ಬರೂ ಮಾಂತ್ರಿಕರೇ ಎಂಬರ್ಥದ ಪೋಲಿ ಜೋಕು ಎಡ್ವರ್ಡ್ಸ್ ಬಾಯಿಂದ ಬಂತೆಂದು ಇಂದಿಗೂ ಹೇಳುತ್ತಾರೆ; ಕ್ಲಾನ್ ಮುಖ್ಯಸ್ಥನ ಪದವಿಗೆ ‘ವಿಜರ್ಡ್’ (ಮಾಂತ್ರಿಕ) ಎಂದೇ ಹೆಸರು.

ನವೆಂಬರ್ 16ರಂದು ಕಪ್ಪು ಮತದಾರರು ಭಾರೀ ಸಂಖ್ಯೆಯಲ್ಲಿ ಮತಗಟ್ಟೆಗೆ ಬಂದರು. ಎಡ್ವರ್ಡ್ಸ್‌ಗೆ 10.57 ಲಕ್ಷ, ಡ್ಯೂಕ್‌ಗೆ 6.71 ಲಕ್ಷ. ಶೇ 61ಕ್ಕೆ 39. ಏಕಪಕ್ಷೀಯ ಗೆಲುವು ಎಂದು ಪತ್ರಿಕೆಗಳು ನಿಟ್ಟುಸಿರು ಬಿಟ್ಟವು. ಆದರೆ ಒಳಗಿನ ಅಂಕಿ ಬೇರೆಯದೇ ಹೇಳುತ್ತಿತ್ತು: ಬಿಳಿಯರ ಓಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಡ್ಯೂಕ್‌ಗೇ ಬಿದ್ದಿತ್ತು.

ಸ್ಟಿಕ್ಕರ್ ಅಂಟಿಸಿದವರ ಅಂದಾಜೂ ಸುಳ್ಳಾಗಲಿಲ್ಲ. ನದಿಯ ದೋಣಿಗಳಲ್ಲಿ ಕ್ಯಾಸಿನೊ ನಡೆಸುವ ಪರವಾನಗಿಗೆ ಸುಲಿಗೆ ಮಾಡಿದ ಪ್ರಕರಣದಲ್ಲಿ ಎಡ್ವರ್ಡ್ಸ್ 2000ದಲ್ಲಿ ದೋಷಿಯಾದರು. ಹತ್ತು ವರ್ಷದ ಜೈಲು ಶಿಕ್ಷೆಯಾಯಿತು. ಬೆಂಬಲಿಗರ ದೇಣಿಗೆಗೆ ಸಂಬಂಧಿಸಿದ ವಂಚನೆಯನ್ನೂ ತೆರಿಗೆ ಅಪರಾಧವನ್ನೂ ಡ್ಯೂಕ್ 2002ರಲ್ಲಿ ಒಪ್ಪಿಕೊಂಡು ತಾವೂ ಜೈಲು ಕಂಡರು.

ಬಿಡುಗಡೆಯಾದ ಎಡ್ವರ್ಡ್ಸ್ 2014ರಲ್ಲಿ, 87ನೇ ವಯಸ್ಸಿನಲ್ಲಿ, ಸಂಸತ್ತಿಗೆ ಸ್ಪರ್ಧಿಸಿದರು. ಎರಡನೇ ಸುತ್ತಿನವರೆಗೂ ಬಂದು ಸೋತರು. ಈ ಬಾರಿ ಸುಮಾರು ಶೇ 62 ಎದುರಾಳಿಗೆ, 38 ಅವರಿಗೆ.