ದಾಳವಿಲ್ಲದ ಆಟದಲ್ಲಿ ಸೋಲಿನ ಸಾಲು

ನವಲಗುಂದದ ಜಮಖಾನೆಯ ಹಳೆಯ ವಿನ್ಯಾಸಗಳಲ್ಲಿ ಪಗಡೆ ಹಾಸೂ ಒಂದು. ಪಗಡೆಯಲ್ಲಿ ಸೋತವರು ದಾಳ ಕೈಕೊಟ್ಟಿತು ಎಂದು ಮೈಕೊಡವಿ ಏಳಬಹುದು. ಚೆಸ್‌ನಲ್ಲಿ ಆ ನೆಪವೂ ಇಲ್ಲ. ಆನೆಯನ್ನು ಪುಕ್ಕಟೆ ಬಿಟ್ಟುಕೊಟ್ಟದ್ದು ನಮ್ಮದೇ ಕೈ. ಒಂದು ಸೋಲನ್ನು ಹೇಗೋ ನುಂಗಿಕೊಳ್ಳಬಹುದು. ಟೂರ್ನಿ ಮೇಲೆ ಟೂರ್ನಿ ಹೀಗೇ ಆದರೆ ನಮ್ಮ ಬುದ್ಧಿಯ ಮೇಲೆ ನಮಗೇ ಅನುಮಾನ ಹುಟ್ಟುತ್ತದೆ.

ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯ ಹವ್ಯಾಸಿ ಆಟಗಾರರಿಗೆ ಈ ಸಂಕಟ ತುಸು ಹೆಚ್ಚು. ಭಾನುವಾರ ಬೆಳಗಿನ ಬಸ್ಸು ಹಿಡಿದು ಹುಬ್ಬಳ್ಳಿಗೋ ಧಾರವಾಡಕ್ಕೋ ಹೋಗಬೇಕು, ಪ್ರವೇಶ ಶುಲ್ಕ ಕಟ್ಟಬೇಕು, ಸಂಜೆ ಬರಿಗೈಲಿ ಮರಳಬೇಕು. ‘ಏನ್ರೀ, ಈ ಸಲಾನೂ ಹಂಗ ಬಂದ್ರಿ?’ ಎಂಬ ಪ್ರಶ್ನೆ ಊರ ಬಸ್‌ ಸ್ಟ್ಯಾಂಡಿನಲ್ಲೇ ಕಾದಿರುತ್ತದೆ. ಆ ಕಹಿ ತೊಳೆಯಲು ರಾತ್ರಿ ಮೊಬೈಲ್‌ನಲ್ಲಿ ಐದು ನಿಮಿಷದ ಆಟ ಶುರು. ಸಿಟ್ಟಿನಲ್ಲಿ ಆಡಿದ್ದಕ್ಕೆ ಅಲ್ಲೂ ಸೋಲು.

ಮನಸ್ಸಿಗೆ ಸಮಾಧಾನ ಹೇಳುವ ಮೊದಲು ಲೆಕ್ಕ ನೋಡಬೇಕು. ಡ್ರಾ ಬದಿಗಿಟ್ಟರೆ, ಸರಿಸಮರ ಎದುರು ಸತತ 5 ಆಟ ಸೋಲುವ ಸಂಭವ 32ರಲ್ಲಿ 1. ವರ್ಷಕ್ಕೆ ಹತ್ತಾರು ಆಟ ಆಡುವವರಿಗೆ ಇಂಥ ಸಾಲು ಒಂದಲ್ಲ ಒಂದು ಸಲ ಎದುರಾಗುವುದು ಸಹಜ. ವಿಶ್ವ ಚೆಸ್ ಸಂಸ್ಥೆ ಫಿಡೆಯ ಲೆಕ್ಕದಲ್ಲಿ ಕೆ-ಗುಣಾಂಕ (ಒಂದು ಆಟಕ್ಕೆ ರೇಟಿಂಗ್ ಎಷ್ಟು ಏರಿಳಿಯಬಹುದು ಎಂಬ ಅಳತೆ) 20 ಇದ್ದವರು ಸಮಾನ ರೇಟಿಂಗಿನವರಿಗೆ ಸೋತರೆ 10 ಅಂಕ ಹೋಗುತ್ತದೆ. 200 ಅಂಕ ಮೇಲಿನವರಿಗೆ ಸೋತರೆ ಸುಮಾರು 5, 200 ಅಂಕ ಕೆಳಗಿನವರಿಗೆ ಸೋತರೆ ಸುಮಾರು 15. ಹೆಚ್ಚು ಚುಚ್ಚುವುದು ಈ ಕೊನೆಯದೇ. ಎದುರಿಗೆ ಕೂತ ಏಳನೇ ತರಗತಿಯ ಹುಡುಗಿಯ ರೇಟಿಂಗ್ ಕಡಿಮೆ, ಆಟ ಜೋರು. ಅವಳು ಕಲಿಯುವ ವೇಗಕ್ಕೆ ರೇಟಿಂಗ್ ಇನ್ನೂ ಏರಿರುವುದಿಲ್ಲ. 2024ರ ಮಾರ್ಚ್‌ನಲ್ಲಿ ಫಿಡೆ 2000ಕ್ಕಿಂತ ಕೆಳಗಿನ ಸ್ಟ್ಯಾಂಡರ್ಡ್ ರೇಟಿಂಗ್‌ಗಳನ್ನು ಒಮ್ಮೆಲೇ ಏರಿಸಿ, ಕನಿಷ್ಠ ಮಟ್ಟವನ್ನು 1400ಕ್ಕೆ ತಂದದ್ದು ಕೆಳಹಂತದ ಏರುಪೇರು ಸರಿಪಡಿಸಲೆಂದೇ.

ದೊಡ್ಡವರೂ ಇದರಿಂದ ಪಾರಾಗಿಲ್ಲ. ವಿಶ್ವ ಚಾಂಪಿಯನ್ ಆಗಿದ್ದ ಡಿಂಗ್ ಲಿರೆನ್ 2024ರಲ್ಲಿ 304 ದಿನ ಒಂದೂ ಕ್ಲಾಸಿಕಲ್ ಆಟ ಗೆದ್ದಿರಲಿಲ್ಲ. ಆ ಬರ ನೀಗಿದ್ದು ಗುಕೇಶ್ ವಿರುದ್ಧದ ವಿಶ್ವ ಪಟ್ಟದ ಪಂದ್ಯದ ಮೊದಲ ಆಟದಲ್ಲಿ, ಅದೂ ಕಪ್ಪು ಕಾಯಿ ಹಿಡಿದು. ಇನ್ನೂ ಹೆಚ್ಚು ಕಲಿಸುವುದು 1984ರಲ್ಲಿ ಮಾಸ್ಕೋದಲ್ಲಿ ಶುರುವಾದ ವಿಶ್ವ ಪಟ್ಟದ ಪಂದ್ಯ. ಕಾರ್ಪೋವ್ ಎದುರು 9 ಆಟ ಮುಗಿಯುವಷ್ಟರಲ್ಲಿ ಕಾಸ್ಪರೋವ್ 4 ಸೋತಿದ್ದರು. 6 ಗೆದ್ದವರಿಗೆ ಪಟ್ಟ. ಆಗ ಅವರು ಗೆಲ್ಲಲು ಹೊರಡದೆ, ಸೋಲದಿರಲು ಕೂತರು. ಸತತ 17 ಡ್ರಾ. ಐದನೇ ಸೋಲಿನ ನಂತರವೂ ಕುಗ್ಗದೆ 3 ಆಟ ಗೆದ್ದರು. 48 ಆಟಗಳ ಬಳಿಕ ಪಂದ್ಯ ತೀರ್ಮಾನವಿಲ್ಲದೆ ನಿಂತಿತು. ಆಮೇಲೆ ನಡೆದ ಹೊಸ ಪಂದ್ಯದಲ್ಲಿ, 1985ರ ನವೆಂಬರ್‌ನಲ್ಲಿ, ಪಟ್ಟ ಅವರದಾಯಿತು.

ಮೊದಲು ಸೋಲು ನಿಲ್ಲಲಿ, ಗೆಲುವು ಆಮೇಲೆ. ಮುಂಗಾರಿ ಹೆಸರು ಕೈಕೊಟ್ಟ ಎರಿ ಹೊಲದಲ್ಲಿ ರೈತ ಹಟಕ್ಕೆ ಮತ್ತೆ ಹೆಸರು ಬಿತ್ತುವುದಿಲ್ಲ. ಹಸಿ ನೋಡಿ ಹಿಂಗಾರಿಗೆ ಕಡಲೆಯೋ ಜೋಳವೋ ಬಿತ್ತುತ್ತಾನೆ. ಆಟಗಾರರೂ ಮೊದಲು ನೆಲ ನೋಡಬೇಕು. ರ‍್ಯಾಪಿಡ್ ಟೂರ್ನಿಯಲ್ಲಿ ನಡೆ ಬರೆಯುವುದು ಕಡ್ಡಾಯವಲ್ಲ. ಆದ್ದರಿಂದ ಮರಳುವ ಬಸ್ಸಿನಲ್ಲೇ ನೆನಪಿನಿಂದ ಬರೆದಿಡಿ. ಕಂಪ್ಯೂಟರ್ ಎಂಜಿನ್ ಕೇಳುವ ಮುನ್ನ ಪ್ರತಿ ಸೋಲಿನ ಪಕ್ಕ ಒಂದೇ ಕಾರಣ ಹಾಕಿ: ಓಪನಿಂಗ್, ಕಾಯಿ ಕಳೆದದ್ದು, ಗಡಿಯಾರ, ಎಂಡ್‌ಗೇಮ್. ಯಾವುದು ಪದೇ ಪದೇ ಬರುತ್ತದೋ ಅದೊಂದನ್ನೇ ತಿದ್ದಿ. ಎರಡು ಸೋತ ರಾತ್ರಿ ಮೊಬೈಲ್ ಎತ್ತಿಡಿ.

ವಯಸ್ಸು ಮೀರಿತು ಎಂಬ ಮಾತನ್ನೂ ಪಕ್ಕಕ್ಕಿಡಬಹುದು. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್, ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ರೈಲ್ವೆ ನೌಕರಿ ಮಾಡುತ್ತಲೇ ಆ ಪದವಿಗೇರಿದ್ದು 2017ರಲ್ಲಿ, 36ರ ಆಸುಪಾಸಿನಲ್ಲಿ.

ಮುಂದಿನ ಟೂರ್ನಿಯ ಗುರಿಯನ್ನು ಅಂಕದಲ್ಲಿ ಇಟ್ಟುಕೊಳ್ಳಬೇಡಿ. ಕಾಯಿ ಮುಟ್ಟುವ ಮುನ್ನ ಎದುರಾಳಿಯ ಬೆದರಿಕೆ ನೋಡಿದೆನೇ? 20ನೇ ನಡೆಗೆ ಗಡಿಯಾರದಲ್ಲಿ ಅರ್ಧ ಸಮಯ ಉಳಿದಿತ್ತೇ? ಎರಡಕ್ಕೂ ಹೌದು ಎನ್ನುವ ದಿನ ಅಂಕಪಟ್ಟಿಯಲ್ಲಿ ಸೊನ್ನೆಯೇ ಇದ್ದರೂ ಆಟ ದಾರಿಗೆ ಬಂದಿದೆ ಎಂದೇ ಲೆಕ್ಕ.