ಬೆರಳು ಬಿಟ್ಟ ಮೇಲೆ ಮಾತಾಡುವ ಚಕ್ರ

ಹಳೆಯ ಕಪ್ಪು ಫೋನು ಎಲ್ಲಾದರೂ ಸಿಕ್ಕರೆ ಎಂಟರ ತೂತಿಗೆ ಬೆರಳು ಹಾಕಿ ಕೊಕ್ಕೆ ತಾಗುವ ತನಕ ತಿರುಗಿಸಿ ಬಿಡಿ. ಇನ್ನೊಮ್ಮೆ ಅದೇ ಎಂಟನ್ನು ನಿಧಾನವಾಗಿ, ದೇವರ ದೀಪದ ಬತ್ತಿ ಸರಿಸುವಷ್ಟು ನಿಧಾನವಾಗಿ ತಿರುಗಿಸಿ ಬಿಡಿ. ಹೋಗುವಾಗಿನ ಸದ್ದು ಎರಡು ಸಲವೂ ಬೇರೆ ಬೇರೆ ಇರುತ್ತದೆ. ಬರುವಾಗಿನ ಸದ್ದು ಮಾತ್ರ ಒಂದೇ. ನೀವು ಅವಸರದಲ್ಲಿರಿ, ನಿದ್ದೆಗಣ್ಣಿನಲ್ಲಿರಿ, ಚಕ್ರ ತನ್ನ ಹದ ಬಿಡದೆ ಹಿಂದಕ್ಕೆ ಬಂದು ನಿಲ್ಲುತ್ತದೆ.

ನಂಬರು ಹೋಗುವುದು ನಾವು ತಿರುಗಿಸುವಾಗ ಎಂದೇ ನಾನು ಬಹಳ ವರ್ಷ ತಿಳಿದಿದ್ದೆ. ಹಾಗಲ್ಲ. ತಿರುಗಿಸುವಾಗ ನಮ್ಮ ಬೆರಳು ಮಾಡುವುದು ಗಡಿಯಾರಕ್ಕೆ ಕೀಲಿ ಕೊಡುವ ಕೆಲಸ. ಎಷ್ಟು ದೂರ ತಿರುಗಿಸಿದೆವೋ ಅಷ್ಟು ಕೀಲಿ. ಬೆರಳು ತೆಗೆದ ಮೇಲೆ ಚಕ್ರ ಮನೆಗೆ ಮರಳುತ್ತದಲ್ಲ, ನಂಬರನ್ನು ಹೇಳುವುದು ಆಗ.

ಇದನ್ನು ನನಗೆ ತೋರಿಸಿಕೊಟ್ಟವರು ನನ್ನ ಸೋದರಮಾವ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೆಕ್ಯಾನಿಕ್ ಆಗಿದ್ದವರು. ನಿವೃತ್ತಿಯ ಮೇಲೂ ಅವರ ಚೀಲದಲ್ಲಿ ಒಂದು ಸಣ್ಣ ಚಿಮಟ, ಒಂದು ಸ್ಕ್ರೂಡ್ರೈವರ್ ಇದ್ದೇ ಇರುತ್ತಿದ್ದವು. ಒಂದು ಭಾನುವಾರ ನಾನು ಗುಜರಿಯಿಂದ ತಂದ ಫೋನಿನ ಡಯಲನ್ನು ಹಜಾರದಲ್ಲಿ ದಿನಪತ್ರಿಕೆ ಹಾಸಿ ಬಿಚ್ಚಿದರು. 'ಮುಂದಿನ ತಟ್ಟೆ ನೋಡಬೇಡ, ಹಿಂದೆ ನೋಡು' ಎಂದು ಅದನ್ನು ಅಂಗಾತ ಮಲಗಿಸಿದರು.

ಹಿಂದೆ ಇರುವುದು ಇಷ್ಟು. ನಡುವೆ ಒಂದು ಅಚ್ಚು, ಅದಕ್ಕೆ ಸುತ್ತಿಕೊಂಡ ಸ್ಪ್ರಿಂಗು. ನಾವು ತಟ್ಟೆ ತಿರುಗಿಸಿದಾಗ ಅಚ್ಚು ತಿರುಗಿ ಸ್ಪ್ರಿಂಗು ಬಿಗಿಯಾಗುತ್ತದೆ. ಅಚ್ಚಿನ ಮೇಲೆ ಒಂದೇ ದಿಕ್ಕಿಗೆ ಕಚ್ಚುವ ಪುಟ್ಟ ನಾಲಿಗೆಯಿದೆ. ಹೋಗುವಾಗ ಅದು ಹಲ್ಲುಗಳ ಮೇಲೆ ಜಾರಿಕೊಂಡು ಹೋಗುತ್ತದೆ. ನಮಗೆ ಕೇಳುವ ಕಿರಕಿರ ಅದರದು. ಹಿಂದಿರುಗುವಾಗ ಗಟ್ಟಿಯಾಗಿ ಕಚ್ಚಿಕೊಂಡು ಹಲ್ಲುಚಕ್ರಗಳನ್ನು ಎಳೆದುಕೊಂಡು ಬರುತ್ತದೆ. ಬಿಗಿದ ಸ್ಪ್ರಿಂಗಿಗೆ ಕಡಿವಾಣವಿಲ್ಲದಿದ್ದರೆ ತಟ್ಟೆ ರಪ್ಪನೆ ಬಂದು ಬಡಿಯುತ್ತಿತ್ತು. ಆ ಕಡಿವಾಣವೇ ಗವರ್ನರ್.

ಡಯಲಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ಸ್ಕ್ರೂವಿನಂತೆ ಸುರುಳಿ ಕೆತ್ತಿದ ಸೂಜಿ ಗಾತ್ರದ ಕಡ್ಡಿ. ಅದರ ತುದಿಯಲ್ಲಿ ಎರಡು ಬಳುಕುವ ರೆಕ್ಕೆ, ರೆಕ್ಕೆಗೊಂದರಂತೆ ಕೊತ್ತಂಬರಿ ಕಾಳಿನಷ್ಟು ತೂಕದ ಲೋಹ. ಇವನ್ನೆಲ್ಲ ಸುತ್ತುವರಿದ ಒಂದು ಹಿತ್ತಾಳೆ ಬಟ್ಟಲು. ಚಕ್ರ ಹಿಂದಿರುಗುವಾಗ ಕಡ್ಡಿ ಗಿರ್ರನೆ ತಿರುಗುತ್ತದೆ. ವೇಗ ಏರಿದ ಹಾಗೆ ರೆಕ್ಕೆಗಳು ಜಾತ್ರೆಯ ತೊಟ್ಟಿಲಿನಂತೆ ಹೊರಕ್ಕೆ ಹಾರಿ, ತೂಕದ ಕಾಳುಗಳು ಬಟ್ಟಲಿನ ಒಳಮೈಗೆ ಉಜ್ಜುತ್ತವೆ. ಉಜ್ಜಿದರೆ ವೇಗ ಇಳಿಯುತ್ತದೆ, ಇಳಿದರೆ ರೆಕ್ಕೆ ಒಳಗೆ ಬರುತ್ತದೆ, ಬಂದರೆ ಮತ್ತೆ ವೇಗ ಏರುತ್ತದೆ. ಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ ಈ ಜಗ್ಗಾಟ ನಡೆದು ಒಂದು ಹದಕ್ಕೆ ಬಂದು ನಿಲ್ಲುತ್ತದೆ. ಮಾವ ಚಿಮಟದಿಂದ ಒಂದು ರೆಕ್ಕೆಯನ್ನು ಕೂದಲೆಳೆಯಷ್ಟು ಹೊರಕ್ಕೆ ಬಗ್ಗಿಸಿ ತಿರುಗಿಸಿದರು, ಚಕ್ರ ಮಂದವಾಯಿತು. ಮತ್ತೆ ಒಳಕ್ಕೆ ಬಗ್ಗಿಸಿದರು, ಚುರುಕಾಯಿತು. ಕಿವಿಗೊಟ್ಟು ಕೇಳಿ 'ಹಾಂ, ಈಗ ಹತ್ತು' ಎಂದರು.

ಹತ್ತು ಎಂದರೆ ಸೆಕೆಂಡಿಗೆ ಹತ್ತು ಮಿಡಿತ. ಹಿಂದಿರುಗುವ ಚಕ್ರದ ಜೊತೆ ಒಂದು ಕ್ಯಾಮ್ ತಿರುಗುತ್ತ ಎರಡು ತೆಳು ಲೋಹದ ಪಟ್ಟಿಗಳನ್ನು ಬಿಡಿಸಿ ಕೂಡಿಸುತ್ತದೆ. ರಿಸೀವರ್ ಎತ್ತಿದ ಕೂಡಲೇ ಎಕ್ಸ್‌ಚೇಂಜಿನ 50 ವೋಲ್ಟಿನ ಬ್ಯಾಟರಿಯಿಂದ ನಮ್ಮ ಫೋನಿನ ತನಕ ಕರೆಂಟು ಹರಿಯತೊಡಗುತ್ತದಲ್ಲ, ಪಟ್ಟಿಗಳು ಬೇರ್ಪಟ್ಟಾಗಲೆಲ್ಲ ಅದು ಕಡಿಯುತ್ತದೆ. ಮೂರು ತಿರುಗಿಸಿದರೆ ಮೂರು ಸಲ, ಸೊನ್ನೆ ತಿರುಗಿಸಿದರೆ ಹತ್ತು ಸಲ. ಒಂದೊಂದು ಮಿಡಿತಕ್ಕೂ ಸೆಕೆಂಡಿನ ಹತ್ತನೇ ಒಂದು ಭಾಗ. ಅದರಲ್ಲೂ ಹೆಚ್ಚು ಕಡಿಮೆ ಮೂರರಲ್ಲಿ ಎರಡು ಪಾಲು ತಂತಿ ಸುಮ್ಮನಿರುತ್ತದೆ, ಒಂದು ಪಾಲು ಮಾತ್ರ ಕರೆಂಟು ಹರಿಯುತ್ತದೆ. ನಾವು ಕರೆಂಟು ಕಳಿಸಿ ನಂಬರು ಹೇಳುತ್ತಿರಲಿಲ್ಲ, ಕರೆಂಟು ನಿಲ್ಲಿಸಿ ಹೇಳುತ್ತಿದ್ದೆವು.

ಈ ಕಡಿಯುವಿಕೆ ಕಿವಿಯಲ್ಲಿ ಟಕಟಕ ಎಂದು ಬಡಿಯಬೇಕಿತ್ತಲ್ಲ ಎಂದು ಕೇಳಿದೆ. ಅದಕ್ಕೂ ಏರ್ಪಾಡಿದೆ. ತಟ್ಟೆ ತನ್ನ ಜಾಗ ಬಿಟ್ಟು ಕದಲಿದೊಡನೆ ಇನ್ನೊಂದು ಜೋಡಿ ಪಟ್ಟಿಗಳು ಕೂಡಿಕೊಂಡು ಕಿವಿಯ ಭಾಗವನ್ನೂ ಬಾಯಿಯ ಭಾಗವನ್ನೂ ದಾರಿಯಿಂದ ಸರಿಸಿಬಿಡುತ್ತವೆ. ಕೇಳುವವರ ಕಿವಿಗೂ ನೆಮ್ಮದಿ, ಮಿಡಿತಕ್ಕೂ ಅಡ್ಡಿಯಿಲ್ಲ. ತಟ್ಟೆ ಮನೆ ಸೇರಿದ ಮೇಲೆ ಮತ್ತೆ ಎಲ್ಲ ಮೊದಲಿನಂತೆ.

ಸೆಕೆಂಡಿನ ಭಾಗಗಳ ಲೆಕ್ಕದಲ್ಲಿ ಇಷ್ಟು ಕಟ್ಟುನಿಟ್ಟು ಯಾಕೆ ಬೇಕಾಯಿತು ಎಂದು ತಿಳಿಯಬೇಕಾದರೆ ತಂತಿಯ ಆಚೆ ತುದಿಗೆ ಹೋಗಬೇಕು.

ಅಮೆರಿಕದ ಕಾನ್ಸಾಸ್ ಸಿಟಿಯ ಆಲ್ಮನ್ ಸ್ಟ್ರೌಜರ್ ಶವಸಂಸ್ಕಾರದ ವ್ಯವಸ್ಥೆ ಮಾಡಿಕೊಡುವ ವೃತ್ತಿಯವನು. ಎದುರಾಳಿಯ ಹೆಂಡತಿ ಟೆಲಿಫೋನ್ ಆಪರೇಟರ್ ಆಗಿದ್ದು, ತನಗೆ ಬರುವ ಕರೆಗಳನ್ನು ಗಂಡನಿಗೆ ತಿರುಗಿಸುತ್ತಿದ್ದಳೆಂಬ ಸಿಟ್ಟಿನಲ್ಲಿ ಆಪರೇಟರೇ ಬೇಡದ ಎಕ್ಸ್‌ಚೇಂಜ್ ಕಟ್ಟಲು ಹೊರಟನೆಂದು ಕಥೆ. ಕಥೆ ಹೇಗೇ ಇರಲಿ, 1891ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು. 1892ರಲ್ಲಿ ಇಂಡಿಯಾನಾದ ಲಾ ಪೋರ್ಟ್ ಎಂಬ ಊರಿನಲ್ಲಿ ಎಕ್ಸ್‌ಚೇಂಜ್ ಶುರುವಾಯಿತು. ಆಗ ಫೋನಿನಲ್ಲಿ ಡಯಲ್ ಇರಲಿಲ್ಲ, ಒತ್ತುವ ಗುಂಡಿಗಳಿದ್ದವು. 87 ಬೇಕೆಂದರೆ ಹತ್ತರ ಗುಂಡಿಯನ್ನು ಎಂಟು ಸಲ, ಬಿಡಿಯ ಗುಂಡಿಯನ್ನು ಏಳು ಸಲ ಎಣಿಸಿ ಎಣಿಸಿ ಒತ್ತಬೇಕು. ನಡುವೆ ಯಾರಾದರೂ ಮಾತಾಡಿಸಿದರೆ ಎಣಿಕೆ ತಪ್ಪಿತು. ಸ್ಟ್ರೌಜರ್ ಕಂಪನಿಯಲ್ಲಿದ್ದ ಕೀತ್ ಮತ್ತು ಎರಿಕ್‌ಸನ್ ಸಹೋದರರು 1896ರಲ್ಲಿ ತಿರುಗುವ ಡಯಲ್ ರೂಪಿಸಿದರು. ಮೊದಮೊದಲು ಅದರಲ್ಲಿ ತೂತುಗಳೂ ಇರಲಿಲ್ಲ, ಬೆರಳಿಗೆ ಸಿಗುವಂತೆ ಏಣುಗಳಿದ್ದವು. ಎಣಿಸುವ ಹೊಣೆ ಮನುಷ್ಯನ ತಲೆಯಿಂದ ಇಳಿದು ಚಕ್ರಕ್ಕೆ ಹೋಯಿತು.

ಇನ್ನು ಎಕ್ಸ್‌ಚೇಂಜಿನ ಒಳಗೆ. ಸೆಲೆಕ್ಟರ್ ಎಂಬ ಯಂತ್ರದಲ್ಲಿ ಒಂದು ನಿಂತ ಕಂಬಿ; ಅದರ ಸುತ್ತ ಅರ್ಧಚಂದ್ರಾಕಾರದಲ್ಲಿ ಹತ್ತು ಮಜಲು, ಮಜಲಿಗೆ ಹತ್ತು ತುದಿ, ಒಟ್ಟು ನೂರು. ಒಂದೊಂದು ಮಿಡಿತಕ್ಕೂ ವಿದ್ಯುತ್ ಅಯಸ್ಕಾಂತ ಎಳೆದು ಕಂಬಿ ಒಂದೊಂದು ಮೆಟ್ಟಿಲು ಮೇಲೇರುತ್ತದೆ. ನೀವು ಆರು ತಿರುಗಿಸಿದರೆ ಆರನೇ ಮಜಲು. ಅಲ್ಲಿಂದ ಕಂಬಿ ತಾನೇ ಪಕ್ಕಕ್ಕೆ ತಿರುಗಿ, ಹತ್ತು ತುದಿಗಳಲ್ಲಿ ಬಿಡುವಾಗಿರುವುದು ಯಾವುದೆಂದು ಮುಟ್ಟಿ ಮುಟ್ಟಿ ನೋಡಿ, ಸಿಕ್ಕ ದಾರಿಯನ್ನು ಮುಂದಿನ ಸೆಲೆಕ್ಟರಿಗೆ ಒಪ್ಪಿಸುತ್ತದೆ. ಆರಂಕಿಯ ನಂಬರಾದರೆ ಮೊದಲ ನಾಲ್ಕು ಅಂಕಿಗೆ ಹೀಗೆ ನಾಲ್ಕು ಸೆಲೆಕ್ಟರುಗಳು. ಕೊನೆಯ ಎರಡು ಅಂಕಿಗಳನ್ನು ಒಂದೇ ಯಂತ್ರ ನೋಡಿಕೊಳ್ಳುತ್ತದೆ: ಐದನೆಯ ಅಂಕಿಗೆ ಮೇಲೆ, ಆರನೆಯದಕ್ಕೆ ಪಕ್ಕಕ್ಕೆ. ನೂರು ಮನೆಗಳಲ್ಲಿ ಒಂದು ಮನೆ ಸಿಕ್ಕಿತು.

ಆರರ ಮಿಡಿತ ಮುಗಿಯಿತು, ಇನ್ನು ಬರುವುದು ಮುಂದಿನ ಅಂಕಿ ಎಂದು ಯಂತ್ರಕ್ಕೆ ಹೇಗೆ ಗೊತ್ತು? ಈ ಪ್ರಶ್ನೆಗೆ ಉತ್ತರವಾಗಿ ಮಾವ ಹೆಬ್ಬೆರಳಿನಷ್ಟು ದಪ್ಪದ ಒಂದು ಹಳೆಯ ರಿಲೇ ತೋರಿಸಿದರು. ಸುರುಳಿಯ ಒಂದು ತುದಿಗೆ ತಾಮ್ರದ ದಪ್ಪ ಬಳೆ ತೊಡಿಸಿತ್ತು. ಆ ಬಳೆಯ ದೆಸೆಯಿಂದ ಕರೆಂಟು ನಿಂತರೂ ಅಯಸ್ಕಾಂತದ ಬಲ ತಟ್ಟನೆ ಇಳಿಯುವುದಿಲ್ಲ, ರಿಲೇ ಸ್ವಲ್ಪ ಹೊತ್ತು ಹಿಡಿದುಕೊಂಡೇ ಇರುತ್ತದೆ. ಮಿಡಿತಗಳ ನಡುವಿನ ಚಿಕ್ಕ ಬಿಡುವಿನಲ್ಲಿ ಅದು ಕೈಬಿಡುವುದಿಲ್ಲ. ಅಂಕಿ ಮುಗಿದು ಬಿಡುವು ಉದ್ದವಾದಾಗ ಮಾತ್ರ ಕೈಬಿಡುತ್ತದೆ. ಅದು ಕೈಬಿಟ್ಟಿತೆಂದರೆ ಕಂಬಿ ಏರುವುದನ್ನು ನಿಲ್ಲಿಸಿ ಪಕ್ಕಕ್ಕೆ ತಿರುಗಬೇಕೆಂದು ಅರ್ಥ. ಅದಕ್ಕೇ ಡಯಲಿನ ಒಳಗೆ ಎರಡು ಮಿಡಿತದಷ್ಟು ಹೊತ್ತು ಚಕ್ರ ಸುಮ್ಮನೆ ತಿರುಗುವಂತೆ ಮಾಡಿದ್ದಾರೆ. ನೀವು ಎಷ್ಟೇ ಅವಸರದಿಂದ ಮುಂದಿನ ಅಂಕಿಗೆ ಕೈಹಾಕಿ, ಅಷ್ಟು ಅಂತರ ಇದ್ದೇ ಇರುತ್ತದೆ. ಆ ಅಂತರದಲ್ಲೇ ಸೆಲೆಕ್ಟರ್ ಬಿಡುವಿನ ದಾರಿ ಹುಡುಕಿ ಮುಗಿಸಬೇಕು.

ಭಾರತದಲ್ಲಿ ಮೊದಲ ಸ್ವಯಂಚಾಲಿತ ಎಕ್ಸ್‌ಚೇಂಜ್ ಬಂದದ್ದು ಶಿಮ್ಲಾದಲ್ಲಿ, 1913-14ರಲ್ಲಿ. ಡಯಲನ್ನು ನಾವೇ ಮಾಡತೊಡಗಿದ್ದು ಸ್ವಾತಂತ್ರ್ಯದ ಮೇಲೆ. 1948ರಲ್ಲಿ ಬೆಂಗಳೂರಿನ ಪೂರ್ವಕ್ಕೆ, ಕೃಷ್ಣರಾಜಪುರದ ಬಳಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಎದ್ದಿತು. ಕೈಹಿಡಿದು ಕಲಿಸಿದ್ದು ಲಿವರ್‌ಪೂಲಿನ ಆಟೊಮ್ಯಾಟಿಕ್ ಟೆಲಿಫೋನ್ ಅಂಡ್ ಎಲೆಕ್ಟ್ರಿಕ್ ಕಂಪನಿ. ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆಗೆ ದೂರವಾಣಿ ನಗರ ಎಂಬ ಅಚ್ಚುಕಟ್ಟಾದ ಹೆಸರು ಬಿತ್ತು. ಟೆಲಿಫೋನಿನ ಹೆಸರನ್ನೇ ಊರಿಗೆ ಇಟ್ಟುಕೊಂಡಿದ್ದೇವೆ ಎಂಬುದು ಆ ದಾರಿಯಲ್ಲಿ ದಿನಾ ಓಡಾಡುವವರಿಗೂ ಎಷ್ಟೋ ಸಲ ನೆನಪಿರುವುದಿಲ್ಲ.

1960ರಲ್ಲಿ ಲಖನೌ ಮತ್ತು ಕಾನ್ಪುರದ ನಡುವೆ ಎಸ್‌ಟಿಡಿ ಬಂತು. ಟ್ರಂಕ್ ಕಾಲ್ ಬುಕ್ ಮಾಡಿ ಕಾಯುವುದರ ಬದಲು ಬೆರಳೇ ಊರು ದಾಟುವಂತಾಯಿತು. ಊರಿಗೊಂದು ಕೋಡು ಬಂದ ಮೇಲೆ ಮಿಡಿತದ ಲೆಕ್ಕವೂ ಸ್ವಾರಸ್ಯವಾಯಿತು. ದೆಹಲಿಯ 011 ಎಂದರೆ ಹತ್ತು, ಒಂದು, ಒಂದು, ಒಟ್ಟು ಹನ್ನೆರಡೇ ಮಿಡಿತ. ಮೈಸೂರಿನ 0821ಕ್ಕೆ ಇಪ್ಪತ್ತೊಂದು. ಬೆಂಗಳೂರಿನ ಹಳೆಯ 0812ಕ್ಕೂ ಇಪ್ಪತ್ತೊಂದೇ. ಅದು 080 ಆದಾಗ ಒಂದು ಅಂಕಿ ಕಡಿಮೆಯಾದರೂ ಮಿಡಿತ ಇಪ್ಪತ್ತೆಂಟಕ್ಕೆ ಏರಿತು. ಅಮೆರಿಕದವರು 1947ರಲ್ಲಿ ಪ್ರದೇಶಗಳಿಗೆ ಕೋಡು ಹಂಚುವಾಗ ಇದನ್ನು ಎಣಿಸಿಯೇ ಹಂಚಿದರು. ಹೆಚ್ಚು ಜನ ಕರೆಯುವ ನ್ಯೂಯಾರ್ಕಿಗೆ 212, ಐದೇ ಮಿಡಿತ. ನ್ಯೂಜಿಲೆಂಡಿನಲ್ಲಂತೂ ಅಂಕಿಗಳನ್ನೇ ತಿರುವುಮುರುವಾಗಿ ಬರೆದಿದ್ದರು. ಅಲ್ಲಿ ಒಂದು ತಿರುಗಿಸಿದರೆ ಒಂಬತ್ತು ಮಿಡಿತ. ಬ್ರಿಟನ್ನಿನ ತುರ್ತು ಕರೆಯ 999 ಅಲ್ಲಿ 111 ಆದದ್ದು ಹೀಗೆ. ತಂತಿಯಲ್ಲಿ ಹೋಗುವ ಮಿಡಿತ ಎರಡೂ ಕಡೆ ಒಂದೇ.

ಡಯಲಿನ ಕಾಯಿಲೆಗಳೂ ಹೆಚ್ಚೇನಿಲ್ಲ. ಗವರ್ನರಿನಲ್ಲಿ ಎಣ್ಣೆ ಜಿಡ್ಡುಗಟ್ಟಿತು, ಮಳೆಗಾಲದ ತೇವ ಪಟ್ಟಿಗಳಿಗೆ ಹತ್ತಿತು, ಸ್ಪ್ರಿಂಗು ಸೋತಿತು. ಚಕ್ರ ಮಂದವಾದರೆ ಬಿಡುವು ಉದ್ದವಾಗುತ್ತದೆ, ರಿಲೇ ಅಂಕಿ ಮುಗಿಯಿತೆಂದು ತಪ್ಪು ತಿಳಿಯುತ್ತದೆ, ಕರೆ ಯಾರದೋ ಮನೆಗೆ ಹೋಗಿ ನಿಲ್ಲುತ್ತದೆ. ಸೆಕೆಂಡಿಗೆ 9ರಿಂದ 11 ಮಿಡಿತದ ಒಳಗಿದ್ದರೆ ಡಯಲ್ ಆರೋಗ್ಯವಾಗಿದೆ ಎಂದು ಲೆಕ್ಕ. ಮಾವ ಸೊನ್ನೆ ತಿರುಗಿಸಿ ಕಣ್ಣು ಮುಚ್ಚಿ ಕೇಳುತ್ತಿದ್ದರು.

1986ರಲ್ಲಿ ಕಿತ್ತೂರಿನಲ್ಲಿ ಸಿ-ಡಾಟ್ ಸಂಸ್ಥೆಯ 128 ಲೈನಿನ ಗ್ರಾಮೀಣ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಮೊದಲ ಬಾರಿಗೆ ಕೆಲಸ ಶುರು ಮಾಡಿತು. ಏರುವ ಕಂಬಿಗಳ ಕಾಲ ಅಲ್ಲಿಂದ ಕರಗುತ್ತ ಬಂತು. ಮುಂದೆ ಮನೆ ಮನೆಗೆ ಬಂದ ಗುಂಡಿ ಒತ್ತುವ ಫೋನುಗಳಲ್ಲೂ ಬಹಳ ಕಾಲ ಮಿಡಿತವೇ ನಡೆಯಿತು. ಏಳನ್ನು ಒತ್ತಿದರೆ ಒಳಗೆ ಟಿಕಟಿಕ ಎಂದು ಏಳು ಸಲ. ಚಕ್ರ ಹೋಗಿತ್ತು, ಅದರ ಲಯ ಉಳಿದಿತ್ತು.

ಇನ್ನೊಂದು ಸಂಗತಿ ಹೇಳಬೇಕು. ಡಯಲಿಗೆ ಬೀಗ ಹಾಕುತ್ತಿದ್ದುದು ನಿಮಗೆ ನೆನಪಿರಬಹುದು. ಒಂದು ತೂತಿಗೆ ಪುಟ್ಟ ಬೀಗ ಸಿಕ್ಕಿಸಿದರೆ ಅದು ಕೊಕ್ಕೆಗೆ ತಡೆದು, ಆ ಅಂಕಿಗಿಂತ ಮುಂದೆ ತಟ್ಟೆ ತಿರುಗದು. ನಮ್ಮ ಬಂಧುಗಳ ಮದುವೆಯ ಹಿಂದಿನ ಸಂಜೆ ಛತ್ರದ ಫೋನಿಗೆ ಅಂಥ ಬೀಗ ಬಿದ್ದಿತ್ತು. ಕೀಲಿ ಇಟ್ಟುಕೊಂಡವರು ಊಟಕ್ಕೆ ಹೋಗಿದ್ದರು. ಏಳು ಗಂಟೆಯಾದರೂ ಅಡಿಗೆಯವರ ಸುಳಿವಿಲ್ಲ, ಅತ್ತೆಯ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಮಾವ ಕುರ್ಚಿ ಎಳೆದುಕೊಂಡು ಕೂತರು. 'ಬೀಗ ಹಾಕಿರೋದು ಚಕ್ರಕ್ಕೆ ಕಣೋ, ತಂತಿಗಲ್ಲ' ಎಂದು ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡು, ಅದು ಕೂರುವ ಜಾಗದ ಗುಂಡಿಯನ್ನು ತೋರುಬೆರಳಿನಿಂದ ಬಡಿಯತೊಡಗಿದರು. ರಿಸೀವರ್ ಇಟ್ಟರೂ ಕರೆಂಟು ಕಡಿಯುತ್ತದೆ, ಡಯಲ್ ತಿರುಗಿದರೂ ಕಡಿಯುತ್ತದೆ. ಎಕ್ಸ್‌ಚೇಂಜಿಗೆ ಎರಡೂ ಒಂದೇ. ಮೂರು ಬಡಿತ, ಬಿಡುವು. ಐದು ಬಡಿತ, ಬಿಡುವು. ಸ್ವಲ್ಪ ಹೆಚ್ಚು ಹೊತ್ತು ಒತ್ತಿ ಹಿಡಿದರೆ ಫೋನು ಇಟ್ಟಂತೆ, ಸ್ವಲ್ಪ ತಡೆದು ಬಡಿದರೆ ಅಂಕಿ ಎರಡಾಗಿ ಒಡೆದಂತೆ. ನಾವು ಹುಡುಗರು ಆಮೇಲೆ ಎಷ್ಟು ಸಲ ಮಾಡಿ ನೋಡಿದರೂ ಮೂರನೇ ಅಂಕಿಯ ಆಚೆಗೆ ದಾಟಲಿಲ್ಲ. ಕೊನೆಯ ಅಂಕಿ ಸೊನ್ನೆ. ಹತ್ತು ಬಡಿತ, ತಬಲದ ಮೇಲಿನ ಬೆರಳಿನ ಹಾಗೆ, ಒಂದಕ್ಕೊಂದು ಸರಿಸಮ. ಆಮೇಲೆ ಅವರು ಬೆರಳು ತೆಗೆದು ನಮ್ಮ ಕಡೆ ನೋಡಿದರು. ಆಚೆ ಗಂಟೆ ಬಾರಿಸುವುದು ರಿಸೀವರಿನಿಂದ ನಮಗೂ ಕೇಳಿಸಿತು.

ಅಡಿಗೆಯವರು ಆಗಲೇ ಹೊರಟಿದ್ದರಂತೆ. ಮಾವ ರಿಸೀವರ್ ಇಟ್ಟು, ಜೇಬಿನಿಂದ ಒಂದು ರೂಪಾಯಿ ನಾಣ್ಯ ತೆಗೆದು ಫೋನಿನ ಮುಂದೆ, ಬೀಗದ ಕೆಳಗೆ ಇಟ್ಟು ಎದ್ದರು.